ಗಾಜಿನ ಗುಂಡಿನೊಳಗೆ ಪಂಚಕಳಸ

3 ಮಾರ್ಚ್ 2004, ಬುಧವಾರ

ಹನ್ನೊಂದನೆಯ ಗುಂಡು. ಇದೂ ಗಾಜಾಗಲಿಲ್ಲ.

ಶಿಫ್ಟ್ ಒತ್ತಿ ಹಿಡಿದು ದುಂಡಗೆ ಒಂದು ವೃತ್ತ. ಒಳಗೆ ಗ್ರೇಡಿಯೆಂಟ್, ತಿಳಿಯಿಂದ ಗಾಢಕ್ಕೆ ಇಳಿಯುವ ಬಣ್ಣ. ಮೇಲೆ ಎಡಗಡೆ ಬಿಳಿ ಚುಕ್ಕೆ, ಅದಕ್ಕೊಂದು ಬ್ಲರ್. ಕೆಳಗೆ ನೆರಳು. ಫೋಟೋಶಾಪ್ ಪುಸ್ತಕದಲ್ಲಿ ಇಷ್ಟೇ ಬರೆದಿರುವುದು. ಪುಸ್ತಕದವನು ಮಾಡಿದ್ದು ಗಾಜು, ನಾನು ಮಾಡಿದ್ದು ಹಿಟ್ಟಿನ ಉಂಡೆ. ಏಕಾಂತಯ್ಯನವರು ಟೀ ಲೋಟ ಹಿಡಿದು ಹಿಂದೆ ಬಂದು ನಿಂತರು.

“ಏನಮ್ಮ ಇದು, ಗ್ಲಾಸ್ ಬಾಲೋ ಅಕ್ಕಿ ಮುದ್ದೆಯೋ?”

ನನಗೆ ನಗು ಬರಲಿಲ್ಲ. ಅವರಿಗೆ ಬಂತು. ಸ್ಟುಡಿಯೋ ಅವರದು, ನಗಲಿ.

ಎರಡು ವರ್ಷದಿಂದ ಈ ಬೆಳ್ಳಿಚುಕ್ಕಿ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಮುಖಗಳ ಮೊಡವೆ ಅಳಿಸುತ್ತ ಕೂತಿದ್ದೇನೆ. ತಿಪಟೂರಿನ ಅರ್ಧ ಊರಿನ ಮೊಡವೆ ನನಗೆ ಗೊತ್ತು. ಮದುವೆ ಆಲ್ಬಂ ಡಿಸೈನ್ ಮಾತ್ರ ಬೆಂಗಳೂರಿಗೆ ಹೋಗುತ್ತದೆ. ಈಗ ಮೊದಲ ಸಲ ಒಂದು ಆಲ್ಬಂ ನನ್ನ ಕೈಗೆ ಬಂದಿದೆ. ಕೊಬ್ಬರಿ ಮಂಡಿ ಸದಾಶಿವಯ್ಯನವರ ಮಗಳು ಮಧುಶ್ರೀಯ ಮದುವೆ. ಅವರು ಯಾರದೋ ಮನೆಯಲ್ಲಿ ಗಂಡು ಹೆಣ್ಣು ಗಾಜಿನ ಗುಂಡಿನೊಳಗೆ ಕೂತಿರುವ ಫೋಟೋ ನೋಡಿ ಬಂದಿದ್ದಾರೆ. ತಮಗೂ ಅದೇ ಬೇಕು. ನೋಡಿದರೆ ಕೈಯಲ್ಲಿ ಎತ್ತಿಕೊಳ್ಳುವ ಹಾಗಿರಬೇಕಂತೆ.

“ಇದೊಂದು ಮಾಡಿ ತೋರ್ಸು,” ಎಂದಿದ್ದಾರೆ ಏಕಾಂತಯ್ಯ. “ಆಮೇಲಿಂದ ಡಿಸೈನ್ ಕೆಲ್ಸ ಎಲ್ಲಾ ನಿಂದೇ. ಕೊನೇ ಪುಟದಲ್ಲಿ ನಿನ್ ಹೆಸರೇ ಹಾಕಾನ.”

ಆಗದಿದ್ದರೆ? ಅದನ್ನು ಅವರು ಹೇಳಲಿಲ್ಲ. ಅಮ್ಮಿ ಹೇಳಿದ್ದಾಳೆ. ಮೊಡವೆ ಅಳಿಸುವ ಕೆಲಸ ಒಂದು ಕೆಲಸವೇ, ಯುಗಾದಿ ಆದ ಮೇಲೆ ಅಬ್ಬಾನ ಟೈಲರ್ ಅಂಗಡಿಯಲ್ಲಿ ಕೂತು ಕಾಜಾ ಹೊಲಿ ಎಂದು. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದಲೇ ಈ ಡೈರಿ ಕನ್ನಡದಲ್ಲಿ.

4 ಮಾರ್ಚ್, ಗುರುವಾರ

ಬೆಳಿಗ್ಗೆಯಿಂದ ಹದಿನಾಲ್ಕು ಲೇಯರ್. ಸ್ವಲ್ಪ ಗಾಜಿನ ಹಾಗೆ ಕಾಣತೊಡಗಿತ್ತು… ಸೇವ್ ಮಾಡಿರಲಿಲ್ಲ. 11.20ಕ್ಕೆ ಕರೆಂಟು ಹೋಯಿತು. ಐದು ನಿಮಿಷ ಜೀವ ಹಿಡಿದಿರಬೇಕಾದ ಯುಪಿಎಸ್ ಒಂದು ಸಲ ಕೀಂವ್ ಎಂದು ಸತ್ತಿತು.

“ಕಂಟ್ರೋಲ್ ಎಸ್ ಒತ್ತಾಕೆ ಏನಾಗಿತ್ತಮ್ಮ ನಿಂಗೆ?”

ಏನೂ ಆಗಿರಲಿಲ್ಲ ಸಾರ್. ಬುದ್ಧಿ ಇರಲಿಲ್ಲ, ಅಷ್ಟೇ.

ಇವತ್ತಿಗೆ ಇಷ್ಟು ಸಾಕು.

6 ಮಾರ್ಚ್, ಶನಿವಾರ

ಕೊಬ್ಬರಿ ಹರಾಜಿನ ದಿನ. ಬಿ.ಎಚ್. ರಸ್ತೆ ಪೂರ್ತಿ ಲಾರಿ. ಅಂಗಡಿಯೊಳಗೆಲ್ಲ ಕೊಬ್ಬರಿ ವಾಸನೆ, ಡೀಸೆಲ್ ಹೊಗೆ.

ಚಿತ್ರವನ್ನು ಗುಂಡಗೆ ಉಬ್ಬಿಸುವ ಸ್ಫೆರೈಸ್ ಫಿಲ್ಟರ್ ಹಿಡಿದೆ. ನೂರಕ್ಕೆ ನೂರು ಕೊಟ್ಟರೆ ಮದುಮಗನ ಮೂಗು ಸುಲಿದ ತೆಂಗಿನಕಾಯಿ. ನಲವತ್ತಕ್ಕೆ ಇಳಿಸಿದರೆ ಮೂಗು ಸರಿ, ಗುಂಡು ಚಪಾತಿ. ಅಂಚಿಗೆ ಬಿಳಿ ಗೆರೆ ಎಳೆದರೆ ಸ್ಟೀಲ್ ತಟ್ಟೆ. ಗೆರೆ ತೆಗೆದರೆ ಏನೂ ಇಲ್ಲ, ಫೋಟೋವನ್ನು ದುಂಡಗೆ ಕತ್ತರಿಸಿ ಅಂಟಿಸಿದ ಹಾಗೆ. ಇಪ್ಪತ್ತಮೂರನೆಯದೂ ಡಿಲೀಟ್.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬೆಳಿಗ್ಗೆಯಿಂದ ಮೌಸ್ ಸರಿಯಿಲ್ಲ, ಮಾನಿಟರ್ ಸರಿಯಿಲ್ಲ, 128 ಎಂಬಿ ರ‍್ಯಾಮ್ ಸಾಲದು ಅಂತ ಬೈದುಕೊಂಡೇ ಕಳೆದೆ. ಸಂಜೆ ಮೌಸನ್ನು ಟೇಬಲ್ಲಿಗೆ ಕುಟ್ಟಿದೆ. ಈಗ ಅದು ನಿಜವಾಗಿಯೂ ಸರಿಯಿಲ್ಲ.

8 ಮಾರ್ಚ್, ಸೋಮವಾರ

ನಡೆದು ಬರುವಾಗ ಹೊಳೆಯಿತು. ನಾನು ಗಾಜಿನ ಗುಂಡನ್ನು ಯಾವತ್ತಾದರೂ ಸರಿಯಾಗಿ ನೋಡಿದ್ದೇನೆಯೇ? ಇಲ್ಲ. ನೋಡಿರುವುದು ಪುಸ್ತಕದವನ ಗುಂಡು. ನಕಲಿನ ನಕಲು ತೆಗೆಯುತ್ತಿದ್ದೇನೆ.

ಮೊದಲು ಬಲ್ಬ್ ಬಿಚ್ಚಿ ನೋಡಿದೆ. ಬಲ್ಬ್ ಪೊಳ್ಳು, ಅದರೊಳಗೆ ಆಚೆಯದು ಇದ್ದ ಹಾಗೇ ಕಾಣುತ್ತದೆ. ಬೇಕಾದದ್ದು ಗಟ್ಟಿ ಗುಂಡು. ಊರಿನಲ್ಲಿ ಗಟ್ಟಿ ಗಾಜಿನ ಗುಂಡು ಎಲ್ಲಿದೆ? ಗೋಲಿ ಸೋಡಾ ಬಾಟಲಿಯೊಳಗೆ!

ಬಸ್ ಸ್ಟ್ಯಾಂಡ್ ಪಕ್ಕ ಪುಟ್ಟಗಂಗಮ್ಮನ ಸೋಡಾ ಅಂಗಡಿಗೆ ಹೋದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸೋಡಾ ಕುಡೀಯವ್ವ ಅಂದ್ರೆ ಗೋಲಿ ಕೇಳ್ತೀಯಲ್ಲ. ಹೆಣ್ಮಕ್ಳು ಗೋಲಿ ಆಡೋ ಕಾಲ ಬಂತಾ?”

“ಆಡಾಕಲ್ಲ ಅಜ್ಜಿ, ನೋಡಾಕೆ.”

“ನೋಡಾಕೇನೈತೆ ಅದ್ರಲ್ಲಿ, ಮಣ್ಣು! ಬಾಟ್ಲಿ ಒಂದು ಒಡ್ದೋಗದೆ, ಅದ್ರದ್ದು ತಗಾ. ಕೈ ಕುಯ್ಕಂಡೀಯ, ನೋಡ್ಕಂಡು.”

ಸ್ವಲ್ಪ ಹಸಿರು ಛಾಯೆಯ ಗೋಲಿ. ಸ್ಟುಡಿಯೋ ಬಾಗಿಲಲ್ಲಿ ನಿಂತು ಕಣ್ಣ ಮುಂದೆ ಹಿಡಿದೆ. ಬಿ.ಎಚ್. ರಸ್ತೆ ಪೂರ್ತಿ ಅದರೊಳಗಿತ್ತು, ಬೋರಲಾಗಿ. ಆಕಾಶ ಕೆಳಗೆ, ರಸ್ತೆ ಮೇಲೆ. ನೊಣವಿನಕೆರೆ ಬಸ್ಸು ಚಾವಣಿ ಕೆಳಗೆ ಮಾಡಿಕೊಂಡು, ಚಕ್ರ ಮೇಲೆ ಮಾಡಿಕೊಂಡು ಹೋಯಿತು. ಎದುರಿನ ಅಂಗಡಿಯ ಎಳನೀರು ರಾಶಿ ಚಾವಣಿಯಿಂದ ನೇತಾಡುತ್ತಿತ್ತು.

ಹತ್ತು ನಿಮಿಷ ಹಾಗೇ ನಿಂತಿದ್ದೆನಂತೆ. ಗಿರಾಕಿಯೊಬ್ಬರು ಫೋಟೋ ಕೇಳಿ ಕೇಳಿ ವಾಪಸ್ ಹೋದರಂತೆ. ಹೋಗಲಿ.

9 ಮಾರ್ಚ್, ಮಂಗಳವಾರ

ಗೋಲಿಯನ್ನು ಟೇಬಲ್ ಮೇಲಿಟ್ಟು ಟೇಬಲ್ ಲ್ಯಾಂಪ್ ಹಾಕಿ ನೋಡಿದ್ದು, ಮರೆಯುವ ಮೊದಲು ಬರೆದಿಡಬೇಕು.

ಅಂಚು ಬಿಳಿಯಲ್ಲ, ಕಪ್ಪು. ಅಂಚಿನ ಹತ್ತಿರ ಎಲ್ಲವೂ ಹಿಂಡಿಹೋಗಿ ಕತ್ತಲಾಗುತ್ತದೆ. ನಾನು ಇಷ್ಟು ದಿನ ಅಲ್ಲಿ ಬಿಳಿ ಬಳಿಯುತ್ತಿದ್ದೆ! ಹೊಳಪು ದುಂಡು ಚುಕ್ಕೆಯಲ್ಲ. ಕಿಟಕಿ ಇದ್ದರೆ ಕಿಟಕಿಯೇ ಬಾಗಿ ಕೂರುತ್ತದೆ. ನೆರಳಂತೂ… ಗಾಜಿನ ನೆರಳು ಬರೀ ಕಪ್ಪಲ್ಲ. ನೆರಳಿನ ಮಧ್ಯೆ ಬೆಳಕು ಒಂದು ಕಡೆ ಕೂಡಿಕೊಂಡು ಉರಿಯುತ್ತದೆ. ಇದು ಪುಸ್ತಕದವನಿಗೂ ಗೊತ್ತಿಲ್ಲ.

ತುಂಬ ಖುಷಿಯಾಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಬ್ಬಾಗೆ ಗೋಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿ ನೋಡಿ, ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಹಾಗೆ ಹಿಡಿದು, ಅಚ್ಛಾ ಎಂದು ವಾಪಸ್ ಕೊಟ್ಟರು.

11 ಮಾರ್ಚ್, ಗುರುವಾರ

ಆಯಿತು!!

ಪುಟದ ತುಂಬ ಮಂಟಪದ ಫೋಟೋ. ಗಂಡು ಹೆಣ್ಣು ಕೂತಿದ್ದಾರೆ, ಮುಂದೆ ದೀಪ, ಹೂವು, ಕಳಸ, ಹಿಂದೆ ತೆಂಗಿನ ಗರಿಯ ಚಪ್ಪರ. ಅದರ ಮುಂದೆ ಬಲಗಡೆ ಗಾಜಿನ ಗುಂಡು. ಮಂಟಪವನ್ನೇ ಡೂಪ್ಲಿಕೇಟ್ ಮಾಡಿ, 180 ಡಿಗ್ರಿ ತಿರುಗಿಸಿ, ಸ್ಫೆರೈಸ್ ಎರಡು ಸಲ ಕೊಟ್ಟು ಒಳಗಿಟ್ಟೆ. ಅಂಚಿಗೆ ಕತ್ತಲು. ಬಾಗಿದ ಕಿಟಕಿಯ ಹೊಳಪು. ನೆರಳಿನ ನಡುವೆ ಚಿನ್ನದ ಬಣ್ಣದ ಬೆಳಕು. ಪ್ರತಿ ಐದು ನಿಮಿಷಕ್ಕೊಮ್ಮೆ ಕಂಟ್ರೋಲ್ ಎಸ್.

ಏಕಾಂತಯ್ಯನವರು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಮಾಯಸಂದ್ರದ ಗೃಹಪ್ರವೇಶಕ್ಕೆ ಹೊರಟಿದ್ದವರು ನಿಂತರು.

“ಅಬ್ಬಬ್ಬಾ! ಕೈ ಹಾಕಿ ಎತ್ಕಬೋದು ಕಣಮ್ಮ ಇದ್ನ! ಆ ನೆರಳು ನೋಡು, ನೆರಳು!”

ಅವರು ಹೋದ ಮೇಲೆ ಕೊನೆಯ ಪುಟ ತೆರೆದು ಟೈಪ್ ಮಾಡಿದೆ. ವಿನ್ಯಾಸ: ಫರ್ಹಾ. ಹದಿನಾಲ್ಕು ಪಾಯಿಂಟ್. ದೊಡ್ಡದಾಯಿತೇನೋ ಅಂತ ಹನ್ನೆರಡಕ್ಕೆ ಇಳಿಸಿದೆ. ಮತ್ತೆ ಹದಿನಾಲ್ಕೇ ಮಾಡಿದೆ.

13 ಮಾರ್ಚ್, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹರಾಜು ಮುಗಿಸಿಕೊಂಡು ಸದಾಶಿವಯ್ಯನವರು, ಅವರ ಹೆಂಡತಿ ಸರ್ವಮಂಗಳಮ್ಮ, ತುರುವೇಕೆರೆಯ ಗಂಡನ ಮನೆಯಿಂದ ಬಂದಿದ್ದ ಮಧುಶ್ರೀ, ಮೂವರೂ ಬಂದರು. ಪ್ರೂಫ್ ಪ್ರಿಂಟ್ ಕೌಂಟರ್ ಮೇಲೆ ಹರಡಿದೆ. ಗಾಜಿನ ಗುಂಡಿನ ಪುಟ ಬಂದಾಗ ಸದಾಶಿವಯ್ಯನವರು ಹುಬ್ಬೇರಿಸಿದರು. ಸರ್ವಮಂಗಳಮ್ಮ ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಒಮ್ಮೆ ತಿರುಗಿಸಿ ಬುಡಮೇಲು ಹಿಡಿದರು, ಮತ್ತೆ ಸರಿಯಾಗಿ ಹಿಡಿದರು.

“ಯಾವ್ ಕಡೆ ಮೇಲು ಇದು?” ಎಂದರು. ಆಮೇಲೆ ಮುಖ ಬಿಳಿಚಿಕೊಂಡಿತು. “ಅಯ್ಯೋ ಶಿವನೇ! ಪಂಚಕಳಸ ಬೋರಲಾಗೈತಲ್ರೀ!”

ಆಗ ನೋಡಿದೆ. ದೇವರಾಣೆ, ಆಗ ನೋಡಿದೆ. ಗುಂಡಿನೊಳಗೆ ಐದು ಕಳಸಗಳೂ ಬಾಯಿ ಕೆಳಗೆ. ತೆಂಗಿನಕಾಯಿಗಳು ನೆಲ ನೋಡುತ್ತಿದ್ದವು. ಅವುಗಳ ಕೆಳಗೆ ಗಂಡು ಹೆಣ್ಣು ತಲೆಕೆಳಗು.

“ಮದ್ವೆ ಆಗಿ ತಿಂಗ್ಳಾಗಿಲ್ಲ, ನನ್ ಮಗಳ ಕಳಸ ಬೋರಲು ಹಾಕವ್ರೆ. ಇದ್ನ ಮನೆಗೆ ತಗಂಡೋಗ್ಲಾ ನಾನು?”

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಅಮ್ಮ, ಗಟ್ಟಿ ಗಾಜಿನ ಗುಂಡಲ್ಲಿ ನಿಜವಾಗ್ಲೂ ಹಿಂಗೇ ಕಾಣದು. ಬೇಕಾದ್ರೆ ನೋಡಿ,” ಎಂದು ಗೋಲಿ ಮುಂದೆ ಹಿಡಿದೆ. ಅವರು ಹಾವು ಕಂಡವರ ಹಾಗೆ ಹಿಂದೆ ಸರಿದರು. ಮಧುಶ್ರೀ ತೆಗೆದುಕೊಂಡು ಕಣ್ಣಿಗೆ ಹಿಡಿದಳು.

“ಹೂಂ ಕಣಮ್ಮೋ! ನೀನೂ ಬೋರಲು! ಅಪ್ಪಾಜಿ ಮೀಸೆ ಮೇಲಕ್ಕೈತೆ!”

“ಸುಮ್ಕಿರೇ, ಮದ್ವೆ ಆದ್ರೂ ಬುದ್ಧಿ ಬರ್ಲಿಲ್ಲ ನಿಂಗೆ.”

ಸದಾಶಿವಯ್ಯನವರು ಕೂಗಾಡಲಿಲ್ಲ. ಮೆತ್ತಗೆ, ನನ್ನ ಕಡೆ ನೋಡದೆ ಹೇಳಿದರು. “ಏಕಾಂತಯ್ಯ, ಇವ್ರಿಗೇನ್ ಗೊತ್ತಾಯ್ತದಪ್ಪಾ ಕಳಸ ಗಿಳಸ. ನೀನಾದ್ರೂ ನೋಡ್ಬಾರ್ದಾ?”

ಇವ್ರಿಗೆ.

ಏಕಾಂತಯ್ಯ ಕೈ ಮುಗಿದರು. “ತಪ್ಪಾಯ್ತು ಬುದ್ಧಿ. ನಾ ನೋಡ್ಲಿಲ್ಲ. ಬುಡಿ, ಇದ್ನ ಬೆಂಗ್ಳೂರಿಗೇ ಕಳಿಸಿ ಮಾಡಿಸ್ತೀನಿ. ಯುಗಾದಿಗೆ ಆಲ್ಬಂ ನಿಮ್ ಮನೇಲಿರ್ತದೆ.”

ನೋಡಲಿಲ್ಲವಂತೆ! ನೆರಳು ನೋಡು ನೆರಳು ಎಂದವರು ಯಾರು?

14 ಮಾರ್ಚ್, ಭಾನುವಾರ

ರಜೆ. ಅಮ್ಮಿ ಮೂರು ಸಲ ಏನಾಯಿತು ಎಂದಳು. ತಲೆನೋವು ಎಂದೆ.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೈಸ್ಕೂಲಿನಲ್ಲಿದ್ದಾಗ ಗೆಳತಿಯ ಅಕ್ಕನ ಮದುವೆಯಲ್ಲಿ ಪಂಚಕಳಸಕ್ಕೆ ದಾರ ಸುತ್ತುವಾಗ ಉಂಡೆ ಹಿಡಿದು ನಿಂತವಳು ನಾನು. ಐದು ಕಳಸ ಯಾಕೆ, ಯಾವ ಕಳಸ ಎಲ್ಲಿಡಬೇಕು, ಎಲ್ಲ ಅವರಜ್ಜಿ ಹೇಳಿಕೊಟ್ಟಿದ್ದರು. ಖಾಲಿ ಕೊಡವನ್ನೂ ಹೊಸಿಲ ಮೇಲೆ ಬೋರಲು ಹಾಕಬಾರದು ಎಂದು ನನ್ನ ಅಮ್ಮಿಯೇ ಬೈಯುತ್ತಾಳೆ.

ತಪ್ಪು ನನ್ನದೇ. ಒಪ್ಪಿದೆ. ಮೂರು ದಿನ ಆ ಚಿತ್ರವನ್ನು ಇಂಚಿಂಚು ನೋಡಿದೆ, ಕಳಸದ ಹಿತ್ತಾಳೆಯ ಮೇಲೆ ಬಿದ್ದ ಬೆಳಕು ನೋಡಿದೆ, ಕಳಸ ನೋಡಲಿಲ್ಲ. ಅದು ಕೆಲಸದಲ್ಲಿ ಮುಳುಗಿದವಳ ತಪ್ಪು. ‘ಇವ್ರ’ ತಪ್ಪಲ್ಲ. ದಿನಾ ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಬರುವ ಏಕಾಂತಯ್ಯನವರಿಗೂ ಕಾಣಲಿಲ್ಲವಲ್ಲ. ಅವರು ನೋಡದಿದ್ದರೆ ಅವಸರ, ನಾನು ನೋಡದಿದ್ದರೆ ಜಾತಿ.

ಸಿಟ್ಟು ಇಳಿಯುತ್ತಿಲ್ಲ. ಅತ್ತರೆ ಇಳಿಯಬಹುದು. ಅಳುವುದಿಲ್ಲ.

16 ಮಾರ್ಚ್, ಮಂಗಳವಾರ

ನಿನ್ನೆ ಏಕಾಂತಯ್ಯನವರನ್ನು ನೇರವಾಗಿ ಕೇಳಿದೆ. “ಸಾರ್, ಎರಡು ದಿನ ಕೊಡಿ. ನಾನೇ ಸರಿ ಮಾಡ್ತೀನಿ. ಬೆಂಗ್ಳೂರಿಗೆ ಕೊಡ್ಬೇಡಿ.”

ತಲೆ ಕೆರೆದುಕೊಂಡರು. “ನಾಳಿದ್ದು ಬೆಳಿಗ್ಗೆ ರೈಲಿಗೆ ಪ್ರಿಂಟಿಂಗಿಗೆ ಹೋಯ್ತೀನಿ. ಅಷ್ಟರೊಳಗೆ ಆಗ್ಬೇಕು ನೋಡು.”

ಒಳಗಿನ ಚಿತ್ರ ನೆಟ್ಟಗೆ ನಿಲ್ಲಿಸಿದೆ. ತಕ್ಷಣ ಗಾಜು ಸತ್ತುಹೋಯಿತು. ಸ್ಟಿಕ್ಕರ್. ಬೋರಲಾಗಿದ್ದಾಗ ಯಾರೂ ಹೇಳದೆಯೇ ಕಣ್ಣು ಅದನ್ನು ಗಾಜು ಎಂದು ನಂಬಿತ್ತು. ಈಗ ಎಷ್ಟು ಹೊಳಪು ಬಳಿದರೂ ನಂಬುವುದಿಲ್ಲ. ಅಂಚಿಗೆ ಇನ್ನಷ್ಟು ಕತ್ತಲು ಕೊಟ್ಟೆ. ಚಪ್ಪರವನ್ನು ಅಂಚಿನಲ್ಲಿ ಸುತ್ತಿಸಿದೆ. ಕಳಸಗಳನ್ನು ಒಂದೊಂದಾಗಿ ಕತ್ತರಿಸಿ, ಒಂದೊಂದನ್ನೂ ನೆಟ್ಟಗೆ ಕೂರಿಸಿದೆ. ಐದೂ. ಮೂರು ಸಲ ಎಣಿಸಿದೆ.

ಸುಳ್ಳು ಗಾಜು. ಆದರೆ ಚಂದದ ಸುಳ್ಳು. ಮಂಟಪದಲ್ಲಿ ಕೂತವರು ನೆಟ್ಟಗೇ ಕಾಣಲಿ ಎಂದು ತಾಯಿ ಕೇಳುವುದರಲ್ಲಿ ತಪ್ಪೇನಿದೆ? ಆ ಮಾತು ನನಗೇ ಹೇಳಿಕೊಂಡೆ. ಅರ್ಧ ಒಪ್ಪಿದೆ.

ಸಿಡಿ ಬರೆದುಕೊಟ್ಟೆ. ಕೊನೆಯ ಪುಟವನ್ನು ಮುಟ್ಟಲಿಲ್ಲ. ಹದಿನಾಲ್ಕು ಪಾಯಿಂಟ್ ಹಾಗೇ ಇದೆ.

20 ಮಾರ್ಚ್, ಶನಿವಾರ

ಆಲ್ಬಂ ಬಂತು. ಸಂಜೆ ಸರ್ವಮಂಗಳಮ್ಮ ಮಧುಶ್ರೀಯನ್ನು ಕರೆದುಕೊಂಡು ಬಂದರು. ನಾನು ಸ್ಕ್ಯಾನರ್ ಹತ್ತಿರ ಕೂತಿದ್ದೆ. ಗುಂಡಿನ ಪುಟ ತೆರೆದು ಕಳಸ ಎಣಿಸಿದರು. ಬೆರಳಿಟ್ಟು, ಒಂದು, ಎರಡು… ಐದು. ಮುಖ ಅರಳಿತು. ನನಗೂ ಅರಳಿತು, ಏನು ಮಾಡಲಿ. ಎದ್ದು ಹತ್ತಿರ ಹೋಗೋಣ ಎಂದುಕೊಂಡೆ.

“ನೋಡ್ರೀ,” ಎಂದರು. “ಬೆಂಗ್ಳೂರೋರ ಕೈ ಅಂದ್ರೆ ಬೆಂಗ್ಳೂರೋರ ಕೈ! ಎಂಗೆ ಹೊಳೀತೈತೆ ನೋಡು ಗಾಜು. ಮೊದ್ಲೇ ಅವ್ರಿಗೆ ಕೊಡಾಕೆ ಏನಾಗಿತ್ತು ನಿಮ್ಗೆ?”

ಏಕಾಂತಯ್ಯ ತಲೆಯೆತ್ತಿ ಫ್ಯಾನ್ ನೋಡಿದರು. ಫ್ಯಾನ್ ತಿರುಗುತ್ತಿತ್ತು. 

ನಾನು ಎದ್ದು ಹೋಗಿ ಕೊನೆಯ ಪುಟ ತಿರುವಿದೆ. ನನ್ನ ಹೆಸರಿದ್ದ ಜಾಗದಲ್ಲಿ ‘ವಿನ್ಯಾಸ: ಬೆಳ್ಳಿಚುಕ್ಕಿ ಡಿಜಿಟಲ್, ಬೆಂಗಳೂರು’ ಎಂದಿತ್ತು. ಬೆಳ್ಳಿಚುಕ್ಕಿ ಇರುವುದು ತಿಪಟೂರಿನಲ್ಲಿ. ನಾನು ಕೂತಿರುವುದು ಬೆಳ್ಳಿಚುಕ್ಕಿಯಲ್ಲಿ.

ಅವರು ಹೋದ ಮೇಲೆ ಏಕಾಂತಯ್ಯನವರನ್ನು ಕೇಳಿದೆ.

“ಅವತ್ತು ಬಾಯ್ ತಪ್ಪಿ ಬೆಂಗ್ಳೂರಿಗೆ ಕಳಿಸ್ತೀನಿ ಅಂದ್ಬುಟ್ಟೆ ಕಣಮ್ಮ. ಹೆಂಗ್ ಹಿಂದಕ್ಕೆ ತಗಳ್ಳಿ? ನಿನ್ ಹೆಸ್ರು ಕಂಡ್ರೆ ಪುಟ ಪುಟ ತಿರುವಿ ತಪ್ಪು ಹುಡುಕ್ತಿದ್ರು. ಬೆಂಗ್ಳೂರು ಅಂದ್ರೆ ಸುಮ್ಕೆ ತಗಂಡೋಯ್ತಾರೆ. ನೋಡ್ದಲ್ಲ.”

“ಹೆಸರು ಅಳಿಸಿದ್ದು ಯಾರು ಸಾರ್?”

“ಪ್ರಿಂಟಿಂಗಿನೋನಿಗೆ ನಾನೇ ಹೇಳ್ದೆ.”

ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಕಂಪ್ಯೂಟರ್ ಆಫ್ ಕೂಡ ಮಾಡಲಿಲ್ಲ.

2 ಏಪ್ರಿಲ್, ಶುಕ್ರವಾರ

ಹದಿಮೂರು ದಿನ. ಕಾಜಾ ಹೊಲಿಯುತ್ತಿದ್ದೇನೆ. ಒಂದು ಅಂಗಿಗೆ ಏಳು. ಬೆರಳ ತುದಿಯೆಲ್ಲ ತೂತು. ಅಮ್ಮಿಗೆ ಸಂತೋಷ. ಬಟನ್ ಕಂಡರೆ ಗುಂಡು ನೆನಪಾಗುತ್ತದೆ, ಹೊಳಪು ಎಲ್ಲಿ ಬಿದ್ದಿದೆ ಎಂದು ನೋಡುತ್ತೇನೆ. ಹುಚ್ಚು ಹಿಡಿಯುತ್ತಿದೆ.

ಮಧ್ಯಾಹ್ನ ಏಕಾಂತಯ್ಯನವರು ಅಂಗಡಿಗೇ ಬಂದರು. ಅಬ್ಬಾನ ಮುಂದೆ ನಿಂತು ಹೇಳಿದರು. ಸದಾಶಿವಯ್ಯನವರ ಮನೆಯಲ್ಲಿ ಆಲ್ಬಂ ನೋಡಿದವರೆಲ್ಲ ಅದೇ ಬೇಕು ಎನ್ನುತ್ತಿದ್ದಾರಂತೆ. ಡಿಸೈನ್ ಕೆಲಸ ಪೂರ್ತಿ ನನ್ನದೇ. ಖಾಯಂ. ಒಂದೇ ಮಾತು: ಹೊರಗೆ ಬೆಂಗಳೂರು ಎಂದೇ ಇರಬೇಕು.

“ಯಾರ್ ಮಾಡಿದ್ರೇನು ರಹೀಮಣ್ಣ? ಕೆಲ್ಸ ನಡೀಬೇಕಲ್ವಾ?”

ಅವರು ಹೋದ ಮೇಲೆ ಅಬ್ಬಾ ಮಿಷನ್ ನಿಲ್ಲಿಸಿದರು. ಉರ್ದುವಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಹನ್ನೊಂದು ವರ್ಷ ನಾನು ಒಂದು ದೊಡ್ಡ ಅಂಗಡಿಗೆ ಪ್ಯಾಂಟು ಹೊಲಿದುಕೊಟ್ಟೆ ಮಗಳೇ. ಸೊಂಟಪಟ್ಟಿಗೆ ಅವರ ಲೇಬಲ್. ನಾನೇ ಕೈಯಾರೆ ಹಚ್ಚುತ್ತಿದ್ದೆ. ಊರಲ್ಲಿ ಜನ ಆ ಪ್ಯಾಂಟು ಹಾಕಿಕೊಂಡು ನನ್ನ ಮುಂದೇ ಹೋಗುತ್ತಿದ್ದರು. ನೀನು ಓದಿದ್ದು ಆ ಲೇಬಲ್ಲಿನಿಂದ.”

“ಬೇಜಾರಾಗಲಿಲ್ವಾ?”

“ಆಯಿತು. ಹನ್ನೊಂದು ವರ್ಷವೂ ಆಯಿತು.”

ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಮತ್ತೆ ಮಿಷನ್ ತುಳಿಯತೊಡಗಿದರು.

5 ಏಪ್ರಿಲ್, ಸೋಮವಾರ

ಹೋದೆ. ನನಗೆ ಆ ಕಂಪ್ಯೂಟರ್ ಬೇಕು. ಸಿಟ್ಟಿಗಿಂತ ಹೆಚ್ಚು ಬೇಕು. ನಾಚಿಕೆಯಾಗುತ್ತದೆ, ಆದರೆ ನಿಜ.

ಕಂಪ್ಯೂಟರನ್ನು ಹಿಂದೆ ತಳ್ಳಿ ಅಡ್ಡಕ್ಕೆ ಪ್ಲೈವುಡ್ ಹೊಡೆಸಿದ್ದಾರೆ. ಬಾಗಿಲಿನ ಜಾಗಕ್ಕೆ ನೀಲಿ ಪರದೆ. ಒಳಗೆ ನಾನು, ಫ್ಯಾನಿಲ್ಲ. ಹೊರಗೆ ಹೊಸ ಬೋರ್ಡ್: ‘ಬೆಂಗಳೂರು ಡಿಸೈನ್ ಆಲ್ಬಂಗಳಿಗೆ ಆರ್ಡರ್ ತೆಗೆದುಕೊಳ್ಳಲಾಗುವುದು.’

ಗಿರಾಕಿ ಇದ್ದಾಗ ಪರದೆ ಸರಿಸಬೇಡವಂತೆ.

24 ಏಪ್ರಿಲ್, ಶನಿವಾರ

ಏಳನೆಯ ಆಲ್ಬಂ. ಏಳನೆಯ ಗುಂಡು. ನೊಣವಿನಕೆರೆ ಗಂಡು, ಚಿಕ್ಕನಾಯಕನಹಳ್ಳಿ ಹೆಣ್ಣು, ಎಲ್ಲರೂ ನನ್ನ ಸುಳ್ಳು ಗಾಜಿನೊಳಗೆ ನೆಟ್ಟಗೆ ಕೂತು ನಗುತ್ತಿದ್ದಾರೆ. ಟೆಂಪ್ಲೇಟ್ ಮಾಡಿಟ್ಟಿದ್ದೇನೆ, ಈಗ ಹದಿನೈದು ನಿಮಿಷದ ಕೆಲಸ. ಕಳಸ ಇದ್ದರೆ ಮೊದಲು ಕಳಸ ಎಣಿಸುತ್ತೇನೆ.

ಪ್ಲೈವುಡ್ ದಾಟಿ ಎಲ್ಲ ಕೇಳಿಸುತ್ತದೆ. ಬೆಂಗಳೂರಿನವರ ತಲೆಯೇ ತಲೆ. ಬೆಂಗಳೂರಿನವರ ಮೆಷಿನ್ನೇ ಬೇರೆ. ಒಬ್ಬರು ಹೇಳಿದರು, ಇಂಥದ್ದನ್ನೆಲ್ಲ ನಮ್ಮೂರಲ್ಲಿ ಮಾಡಲು ಇನ್ನೂ ಹತ್ತು ವರ್ಷ ಬೇಕು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಗಿಡವನ್ನು ಪ್ಲೈವುಡ್ಡಿನ ಹಿಂದೆ ಬಚ್ಚಿಟ್ಟರೆ ಮದ್ದಾಗುತ್ತದೆ ಎಂದು ಏಕಾಂತಯ್ಯನವರು ಕಂಡುಹಿಡಿದಿದ್ದಾರೆ.

ನಗು ಬರುತ್ತದೆ. ನಗಬಾರದು, ಹೊರಗೆ ಗಿರಾಕಿ ಇದ್ದಾರೆ.

12 ಮೇ, ಬುಧವಾರ. ಮಧ್ಯಾಹ್ನ 12.50

ಡೈರಿ ಮನೆಯಲ್ಲಿದೆ. ಆರ್ಡರ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ಹರಿದು ಆಮೇಲೆ ಅಂಟಿಸಿದರಾಯಿತು.  ಬರೆಯದಿದ್ದರೆ ನಡೆದದ್ದು ನಿಜ ಎಂದು ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಸರ್ವಮಂಗಳಮ್ಮ ಹುಳಿಯಾರಿನಲ್ಲಿರುವ ತಮ್ಮ ನಾದಿನಿ ಹೊಂಬಾಳಮ್ಮನನ್ನು ಕರೆದುಕೊಂಡು ಬಂದರು. ಹೊಂಬಾಳಮ್ಮನ ಮಗನ ಮದುವೆ ಆಲ್ಬಂ. ಅವರಿಗೂ ಗುಂಡು ಬೇಕು. ಆದರೆ ಸರ್ವಮಂಗಳಮ್ಮನಿಗೆ ಹಳೆಯ ಭಯ.

“ಒಂದ್ ಫೋನ್ ಹಚ್ಚಿಕೊಡ್ರೀ ಬೆಂಗ್ಳೂರಿಗೆ. ಕಳಸದ ವಿಷ್ಯ ನಾನೇ ಬಾಯಲ್ಲಿ ಹೇಳ್ತೀನಿ.”

“ನಾನ್ ಹೇಳ್ತೀನಿ ಬುಡಿ ಅಮ್ಮ. ಈವಾಗ ಲೈನ್ ಸಿಗಾಕಿಲ್ಲ.”

“ನೋಡ್ರೀ ಒಂದ್ಸಲ. ಸಿಕ್ಕಿದ್ರೆ ಸಿಗ್ತದೆ.”

ಕೂಗಿದರೆ ಗಿರಾಕಿಗೆ ಕೇಳುತ್ತದೆ ಎಂದು ಹೋದ ವಾರ ಒಳಕ್ಕೂ ಹೊರಕ್ಕೂ ಇಂಟರ್‌ಕಾಮ್ ಹಾಕಿಸಿದ್ದಾರೆ. ಹೊರಗೆ ಅದರ ಗುಂಡಿ ಒತ್ತಿದ ಸದ್ದು. ಆಮೇಲೆ ನನ್ನ ಮೇಜಿನ ಫೋನ್ ಟ್ರಿಣ್ ಎಂದಿತು! ಏಕಾಂತಯ್ಯ ಜೋರಾಗಿ ಕೆಮ್ಮಿದರು. ಎತ್ತಿದೆ.

“ಹಲೋ, ಬೆಂಗ್ಳೂರಾ? ತಿಪಟೂರಿಂದ ಏಕಾಂತಯ್ಯ. ನಮ್ ಪಾರ್ಟಿ ಮಾತಾಡ್ತಾರಂತೆ. ಸ್ವಲ್ಪ ಹೂಂ ಅನ್ರಿ.”

ಮಾತು ಒಂದು ಕಿವಿಗೆ ಫೋನಿನಿಂದ, ಇನ್ನೊಂದು ಕಿವಿಗೆ ಪ್ಲೈವುಡ್ಡಿನಿಂದ. ಸರ್ವಮಂಗಳಮ್ಮನ ದನಿಯೂ ಹಾಗೇ ಬಂತು.

“ಹಲೋ… ನಮ್ ಮಧುಶ್ರೀ ಆಲ್ಬಂ ಮಾಡಿದ್ದು ನೀವೇ ಏನ್ರೀ?”

ಹೂಂ ಎಂದರೆ ಸಾಕಿತ್ತು. ಹೂಂ ಎಂದರೂ ನಿಜವೇ.

“ಹೌದಮ್ಮ. ನಾನೇ.”

“ಅಯ್ಯೋ, ಹೆಣ್ಮಗಳಾ! ಎಂಥಾ ಕೈ ತಾಯಿ ನಿಮ್ದು. ಐದ್ ಕಳಸನೂ ದೇವ್ರ ಮನೇಲಿಟ್ಟಂಗೆ ಇಟ್ಟಿದ್ರಿ. ಮೊದ್ಲು ಇಲ್ಲೊಬ್ಳು ಹುಡ್ಗಿ ಎಲ್ಲಾ ಬೋರಲು ಹಾಕಿಟ್ಟಿದ್ಲು ಕಣ್ರೀ, ಮೂರ್ ದಿನ ನಿದ್ದೆ ಬರ್ಲಿಲ್ಲ ನಂಗೆ.”

“ಅದೂ ನಾನೇ ಅಮ್ಮ,” ಎಂದೆ. “ನಂಗೂ ನಿದ್ದೆ ಬರ್ಲಿಲ್ಲ. ಪರದೆ ಸರಿಸಿ ನೋಡಿ.”

ಹೊರಗೆ ಏಕಾಂತಯ್ಯ “ಅಮ್ಮಾ, ಅದು…” ಎಂದರು. ಪರದೆ ಸರಿಯಿತು. ಸರ್ವಮಂಗಳಮ್ಮ, ಕಿವಿಗೆ ಫೋನ್. ನಾನು, ಕಿವಿಗೆ ಫೋನ್. ನಡುವೆ ಎರಡು ಮಾರೂ ದೂರವಿಲ್ಲ. ಅವರು ನನ್ನನ್ನು ನೋಡಿದರು, ಮಾನಿಟರಿನಲ್ಲಿದ್ದ ಗುಂಡನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅಂದುಕೊಂಡೆ.

“ಏನವ್ವ ನಿನ್ ಹೆಸರು?” ಎಂದರು. ಫೋನಿನಲ್ಲೇ ಕೇಳಿದರು.

ನಾನೂ ಫೋನಿನಲ್ಲೇ ಹೇಳಿದೆ. ಅಪ್ಪನ ಹೆಸರು, ಅಂಗಡಿ ಇರುವ ಬೀದಿ, ಎಲ್ಲ ಸೇರಿಸಿ ಹೇಳಿದೆ.

ಅವರು ಪರದೆ ಬಿಟ್ಟು ಕೌಂಟರಿಗೆ ಹೋದರು. ಈಗ ಹೊರಗೆ ಮೂವರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ಏಕಾಂತಯ್ಯ ಏನೋ ಸಮಜಾಯಿಷಿ ಹೇಳುತ್ತಿದ್ದಾರೆ. ಹೊಂಬಾಳಮ್ಮನ ಬಳೆ ಸದ್ದು. ಕೆಲಸ ಹೋಯಿತು ಅಂತಲೇ ಇಟ್ಟುಕೊಂಡಿದ್ದೇನೆ. ಆದರೂ ಎರಡು ತಿಂಗಳಿಂದ ಕತ್ತಿನ ಮೇಲೆ ಕೂತಿದ್ದು ಇಳಿದ ಹಾಗಿದೆ.

ಈಗ ಕೂಗಿದರು. “ಫರ್ಹಾ.” ಏಕಾಂತಯ್ಯನವರ ದನಿಯಲ್ಲ, ಸರ್ವಮಂಗಳಮ್ಮನದು. ಆರ್ಡರ್ ಪುಸ್ತಕ ತಗಂಡು ಬಾರವ್ವ ಅನ್ನುತ್ತಿದ್ದಾರೆ. ಆರ್ಡರ್ ಬರೆಸುವುದಕ್ಕೋ ಹೊಡೆದುಹಾಕಿಸುವುದಕ್ಕೋ ಗೊತ್ತಿಲ್ಲ, ಪುಸ್ತಕ ನನ್ನ ಕೈಯಲ್ಲೇ —